ಗಟ್ಟಿ ಎಣ್ಣೆಯೇ ಒಳ್ಳೆಯ ಎಣ್ಣೆಯಲ್ಲ

ಇಂದು ಅನೇಕ ರೈತರ ಮನೆಗಳಲ್ಲಿ ಟ್ರ್ಯಾಕ್ಟರಿನ ಪಕ್ಕದಲ್ಲಿ ಕಾರೂ ನಿಂತಿರುತ್ತದೆ. ಮೋಟಾರ್ ಸೈಕಲ್ ಅಂತೂ ಇದ್ದೇ ಇದೆ. ಆದರೆ ಶೆಡ್ಡಿನ ಮೂಲೆಯಲ್ಲಿರುವ ಎಂಜಿನ್ ಎಣ್ಣೆಯ ಡಬ್ಬ ಮಾತ್ರ ಎಷ್ಟೋ ಕಡೆ ಒಂದೇ. ಟ್ರ್ಯಾಕ್ಟರಿಗೆ ತಂದು ಉಳಿದ ಎಣ್ಣೆಯನ್ನೇ ಕಾರಿಗೂ ಸುರಿಯುತ್ತಾರೆ. ಕೇಳಿದರೆ, "ಎಣ್ಣೆ ಗಟ್ಟಿಯಾಗಿದ್ದಷ್ಟೂ ಎಂಜಿನ್ನಿಗೆ ಒಳ್ಳೆಯದು, ನಮ್ಮ ಬಿಸಿಲಿಗೆ ತೆಳು ಎಣ್ಣೆ ತಡೆಯುವುದಿಲ್ಲ" ಎನ್ನುತ್ತಾರೆ. ಈ ನಂಬಿಕೆಯನ್ನು ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ರಸಗೊಬ್ಬರ ಕೊಳ್ಳುವಾಗ ನಮ್ಮ ರೈತರು ಹರಳಿನ ಬಣ್ಣ ನೋಡಿ ಮೋಸಹೋಗುವುದಿಲ್ಲ. ಚೀಲದ ಮೇಲೆ 17:17:17 ಇದೆಯೋ 10:26:26 ಇದೆಯೋ ಎಂದು ಓದಿಯೇ ಹಣ ಕೊಡುತ್ತಾರೆ. ಅಷ್ಟೇ ಎಚ್ಚರಿಕೆಯನ್ನು ಎಣ್ಣೆಯ ಡಬ್ಬದ ಮುಂದೆ ಏಕೆ ತೋರಬಾರದು? ಅಲ್ಲಿಯೂ ಅಂಕಿಗಳಿವೆ, ಅವಕ್ಕೂ ಅರ್ಥವಿದೆ.

ಎಣ್ಣೆ ಹರಿಯುವಾಗ ತೋರುವ ಮಂದತನಕ್ಕೆ ಸ್ನಿಗ್ಧತೆ ಎಂದು ಹೆಸರು. ಇದನ್ನು ಅಂಕಿಗಳಲ್ಲಿ ವರ್ಗೀಕರಿಸುವ ಪದ್ಧತಿಯನ್ನು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವು 1911ರಲ್ಲಿ ಆರಂಭಿಸಿತು. ಡಬ್ಬದ ಮೇಲಿನ ಎಸ್.ಎ.ಇ. ಎಂಬ ಅಕ್ಷರಗಳು ಆ ಸಂಘದವೇ. 15ಡಬ್ಲ್ಯು-40 ಎಂಬುದನ್ನು ತೆಗೆದುಕೊಳ್ಳೋಣ. ಮೊದಲ ಭಾಗ ಚಳಿಯಲ್ಲಿ ಎಣ್ಣೆಯ ನಡತೆಯನ್ನು ಹೇಳುತ್ತದೆ. ಈ ಅಂಕಿ ಚಿಕ್ಕದಾದಷ್ಟೂ ತಣ್ಣಗಿನ ಎಂಜಿನ್ನಿನಲ್ಲಿ ಎಣ್ಣೆ ಬೇಗ ಹರಿಯುತ್ತದೆ. ಎರಡನೆಯ ಭಾಗವು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಉಳಿಯುವ ಸ್ನಿಗ್ಧತೆಯನ್ನು ತಿಳಿಸುತ್ತದೆ. 40 ಎಂದಿದ್ದರೆ ಆ ಶಾಖದಲ್ಲಿ 12.5ರಿಂದ 16.3 ಸೆಂಟಿಸ್ಟೋಕ್, 30 ಎಂದಿದ್ದರೆ 9.3ರಿಂದ 12.5, 20 ಎಂದಿದ್ದರೆ 6.9ರಿಂದ 9.3 ಸೆಂಟಿಸ್ಟೋಕ್ ಇರಬೇಕು.

ಈಗ ಬೆರಳಿನ ಪರೀಕ್ಷೆಯ ವಿಷಯಕ್ಕೆ ಬರೋಣ. ಬರಿಯ 40 ಅಂಕಿಯ ಎಣ್ಣೆಯನ್ನೂ 15ಡಬ್ಲ್ಯು-40 ಎಣ್ಣೆಯನ್ನೂ ಬೆರಳುಗಳ ನಡುವೆ ಉಜ್ಜಿ ನೋಡಿದರೆ ಎರಡನೆಯದು ತೆಳುವಾಗಿ ತೋರುತ್ತದೆ. ಆದರೆ ಎಂಜಿನ್ ಕಾದ ಮೇಲೆ ಎರಡೂ ಒಂದೇ ವರ್ಗದ ಮಂದತನದಲ್ಲಿರುತ್ತವೆ. ಕಾದ ಎಂಜಿನ್ನಿನೊಳಗಿನ ಸ್ಥಿತಿಯನ್ನು ಬೆರಳು ಹೇಳಲಾರದು.

ಬಿಸಿಲಿನ ವಾದವನ್ನೂ ಪರಿಶೀಲಿಸಬೇಕು. ರಾಯಚೂರಿನ ಬೇಸಿಗೆ ಸುಡುವುದು ನಿಜ. ಆದರೆ ನೀರಿನಿಂದ ತಣಿಯುವ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಎಂಬ ಸಾಧನವು ನೀರಿನ ಶಾಖವನ್ನು ಹೆಚ್ಚು ಏರಿಳಿಯಲು ಬಿಡುವುದಿಲ್ಲ. ರಾಯಚೂರಾದರೂ ಮಡಿಕೇರಿಯಾದರೂ ಸರಿಯಾಗಿ ಕಾದ ಎಂಜಿನ್ನಿನ ಒಳಶಾಖದಲ್ಲಿ ಹೊರಗಿನಷ್ಟು ಅಂತರವಿರುವುದಿಲ್ಲ. ಹೊರಗಿನ ಹವೆಯ ಪ್ರಭಾವ ಹೆಚ್ಚು ಕಾಣುವುದು ಬೆಳಿಗ್ಗೆ ಎಂಜಿನ್ ಚಾಲೂ ಮಾಡುವಾಗ. ಎಣ್ಣೆ ಮೇಲಿನ ಭಾಗಗಳಿಗೆ ಇನ್ನೂ ತಲುಪದ ಆ ಕ್ಷಣಗಳಲ್ಲಿ ಸವೆತ ಹೆಚ್ಚು.

ಇಂದಿನ ಅನೇಕ ಪೆಟ್ರೋಲ್ ಕಾರುಗಳಿಗೆ ತಯಾರಕರು 0ಡಬ್ಲ್ಯು-20 ಅಥವಾ 5ಡಬ್ಲ್ಯು-30ರಂತಹ ತೆಳು ಎಣ್ಣೆ ಸೂಚಿಸುತ್ತಾರೆ. ಅವುಗಳ ಎಣ್ಣೆಯ ದಾರಿಗಳನ್ನು ಆ ಎಣ್ಣೆಗೆ ತಕ್ಕಂತೆಯೇ ರೂಪಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಕವಾಟಗಳ ಸಮಯವನ್ನು ಬದಲಿಸುವ ಕೆಲಸವೂ ಎಣ್ಣೆಯ ಒತ್ತಡದಿಂದಲೇ ನಡೆಯುತ್ತದೆ. ಅಲ್ಲಿ 20ಡಬ್ಲ್ಯು-40 ಸುರಿದರೆ ಎಣ್ಣೆ ತಡವಾಗಿ ತಲುಪುತ್ತದೆ, ಪಂಪು ಹೆಚ್ಚು ಶ್ರಮಪಡುತ್ತದೆ, ಇಂಧನವೂ ಹೆಚ್ಚು ಬೇಕಾಗುತ್ತದೆ. ಒತ್ತಡದ ಮಾಪಕ ಏರಿದೆಯೆಂದು ಹಿಗ್ಗಬಾರದು. ಹನಿ ನೀರಾವರಿಯ ಕೊಳವೆ ಕಟ್ಟಿಕೊಂಡಾಗಲೂ ಪಂಪಿನ ಬಳಿ ಒತ್ತಡ ಏರುತ್ತದೆ, ಗಿಡಕ್ಕೆ ಮಾತ್ರ ನೀರು ಸಿಗುವುದಿಲ್ಲ.

ಇದರ ಅರ್ಥ ತೆಳು ಎಣ್ಣೆಯೇ ಎಲ್ಲಕ್ಕೂ ಲೇಸೆಂದಲ್ಲ. ಆಳವಾಗಿ ಉಳುವ ಟ್ರ್ಯಾಕ್ಟರಿನ ಬೇರಿಂಗುಗಳ ಮೇಲೆ ಭಾರ ಹೆಚ್ಚು. ಅದಕ್ಕೆ 15ಡಬ್ಲ್ಯು-40 ಹೇಳಿದ್ದರೆ ಕಾರಿನ 0ಡಬ್ಲ್ಯು-20 ಹಾಕುವುದು ಅಪಾಯ, ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗೀತು. ಹಳೆಯ, ಎಣ್ಣೆ ಕುಡಿಯುವ ಎಂಜಿನ್ನಿಗೆ ಮೆಕ್ಯಾನಿಕ್ ತುಸು ಮಂದ ಎಣ್ಣೆ ಹಾಕಿದರೆ ಕೆಲಕಾಲ ಖರ್ಚು ತಗ್ಗಬಹುದು. ಆದರೆ ಸವೆದ ರಿಂಗು ಅದರಿಂದ ಸರಿಹೋಗದು.

ಆದ್ದರಿಂದ ರೈತ ಬಾಂಧವರು ಈ ಕ್ರಮಗಳನ್ನು ಅನುಸರಿಸುವುದು ಒಳಿತು:

1. ವಾಹನದ ಕೈಪಿಡಿಯಲ್ಲಿ ಹೇಳಿದ ಅಂಕಿಯನ್ನೇ ಕೇಳಿ ಕೊಳ್ಳಿರಿ. ಹವೆಗೆ ತಕ್ಕಂತೆ ಎರಡು ಮೂರು ಅಂಕಿಗಳನ್ನು ಕೊಟ್ಟಿದ್ದರೆ, ಬಯಲುಸೀಮೆಯವರು ಅವುಗಳಲ್ಲಿ ಹೆಚ್ಚು ಶಾಖಕ್ಕೆ ಹೇಳಿದ್ದನ್ನು ಆರಿಸಬಹುದು.

2. ಅಂಕಿಯ ಜೊತೆಗೆ ಗುಣಮಟ್ಟದ ಅಕ್ಷರಗಳನ್ನೂ ನೋಡಿರಿ. ಎ.ಪಿ.ಐ. ಗುರುತಿನಲ್ಲಿ ಎಸ್ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಎಂಜಿನ್ನಿಗೆ, ಸಿ ಅಕ್ಷರದಿಂದ ಆರಂಭವಾಗುವುದು ಡೀಸೆಲ್ ಎಂಜಿನ್ನಿಗೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿ ಹಿಡಿಯುವ ಶೋಧಕವಿರುತ್ತದೆ. ಇವಕ್ಕೆ ಕಡಿಮೆ ಬೂದಿಯ ಎಣ್ಣೆ ಬೇಕು.

3. ಕಾರಿನ ಎಣ್ಣೆಯನ್ನು ಮೋಟಾರ್ ಸೈಕಲ್ಲಿಗೆ ಹಾಕಬೇಡಿರಿ. ಅನೇಕ ಮೋಟಾರ್ ಸೈಕಲ್ಲುಗಳ ಕ್ಲಚ್ಚು ಎಂಜಿನ್ ಎಣ್ಣೆಯಲ್ಲೇ ಮುಳುಗಿರುವುದರಿಂದ ಅದು ಜಾರತೊಡಗಬಹುದು.

4. ಡೀಸೆಲ್ ಎಂಜಿನ್ನಿನ ಎಣ್ಣೆ ಬೇಗ ಕಪ್ಪಾದುದಕ್ಕೆ ಗಾಬರಿ ಬೇಡ. ಮಸಿಯನ್ನು ತನ್ನಲ್ಲಿ ಹಿಡಿದಿಡುವುದೂ ಅದರ ಕೆಲಸ. ಬದಲಾಯಿಸುವ ಅವಧಿಯನ್ನು ಬಣ್ಣದಿಂದ ನಿರ್ಧರಿಸದೆ ಕೈಪಿಡಿಯಲ್ಲಿ ಹೇಳಿದ ಗಂಟೆ ಅಥವಾ ಕಿಲೋಮೀಟರಿನಿಂದ ನಿರ್ಧರಿಸಿರಿ.

ಹೊಣೆ ರೈತನೊಬ್ಬನದೇ ಅಲ್ಲ. ಕೈಪಿಡಿಯ ಈ ಒಂದು ಪುಟವಾದರೂ ಕನ್ನಡದಲ್ಲಿ ಸಿಗುವಂತೆ ತಯಾರಕರು ನೋಡಿಕೊಳ್ಳಬೇಕು. ಅಂಗಡಿಯವರು ಬಿಲ್ಲಿನಲ್ಲಿ ಬರಿದೇ "ಆಯಿಲ್" ಎಂದು ಬರೆಯದೆ ಅಂಕಿಯನ್ನೂ ನಮೂದಿಸಬೇಕು. ಕೃಷಿ ಯಂತ್ರಗಳ ತರಬೇತಿಯಲ್ಲಿ ನಾವು ವಿಜ್ಞಾನಿಗಳೂ ಇದಕ್ಕೆ ಅರ್ಧ ಗಂಟೆ ಮೀಸಲಿಡಬೇಕು. ಸಾಲ ತೀರಿಸುವಷ್ಟು ಕಾಲವಾದರೂ ಎಂಜಿನ್ ಸುಸ್ಥಿತಿಯಲ್ಲಿರಬೇಕಾದರೆ ಡಬ್ಬದ ಮೇಲಿನ ಅಂಕಿ ಓದುವುದನ್ನು ಮೊದಲು ರೂಢಿಸಿಕೊಳ್ಳೋಣ.