ನಾಟಕವನ್ನೇ ನೋಡದ ವಿದ್ಯಾರ್ಥಿ

ಹುಬ್ಬಳ್ಳಿಯ ವಿದ್ಯಾನಗರವು ಹೆಸರಿಗೆ ತಕ್ಕ ಬಡಾವಣೆ. ತಂತ್ರವಿದ್ಯೆ, ವಿಜ್ಞಾನ, ವೈದ್ಯಕಗಳನ್ನು ಕಲಿಸುವ ಸಂಸ್ಥೆಗಳು ಅಲ್ಲಿ ಒತ್ತೊತ್ತಿಗೆ ನಿಂತಿವೆ. ಅಲ್ಲಿ ಓದುವ ತರುಣನೊಬ್ಬನು ಮೊನ್ನೆ ಮಾತಿಗೆ ಮಾತು ಬಂದಾಗ, ತಾನು ಹುಟ್ಟಿದಂದಿನಿಂದ ಒಂದು ನಾಟಕವನ್ನೂ ನೋಡಿಲ್ಲವೆಂದು ಹೇಳಿದನು. ಅವನಿಗೆ ಅದೊಂದು ಕೊರತೆಯೆಂದು ತೋರಲಿಲ್ಲ, ನಾಚಿಕೆಯಾದದ್ದು ನಮಗೆ. ಚಿಗರಿ ಬಸ್ಸಿನಲ್ಲಿ ಅವನನ್ನು ಧಾರವಾಡಕ್ಕೆ ಕರೆದೊಯ್ದೆವು.

ನಾಟಕವು ನಡುಮಟ್ಟಕ್ಕೆ ಬಂದಾಗ ವಿದ್ಯುದ್ದೀಪಗಳು ಆರಿದವು. ಚಲಚ್ಚಿತ್ರವಾಗಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ನಟನು ಕತ್ತಲೆಯಲ್ಲಿಯೇ ದನಿಯೇರಿಸಿ ಮಾತನ್ನು ಮುಂದುವರಿಸಿದನು. ಸಭೆಯು ಸದ್ದಿಲ್ಲದೆ ಕೇಳಿತು. ದೀಪಗಳು ಮರಳಿ ಹೊತ್ತಿದೊಡನೆ ಎದ್ದ ಕರತಾಡನದಿಂದ ಅವನ ಅಭಿನಯಕ್ಕೆ ಹೊಸ ಕಳೆಯೇರಿತು. ತಿರುಗಿ ಬರುವಾಗ ತರುಣನು ಕೇಳಿದ್ದು ಒಂದೇ: “ನಾವು ನಕ್ಕಿದ್ದು, ಸುಮ್ಮನ ಕುಂತಿದ್ದು ಅವರಿಗೆ ತಿಳೀತದೇನ್ರಿ?”

ತಿಳಿಯುತ್ತದೆ. ಆಡುವವನೂ ಕೇಳುವವನೂ ಒಂದೇ ನುಡಿಯಲ್ಲಿ ಆ ಕ್ಷಣಕ್ಕೆ ಕೂಡುವುದೇ ನಾಟಕದ ಜೀವಾಳ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಈ ಭಾಗದಲ್ಲಿ ಒಂದು ಕಾಲಕ್ಕೆ ಆ ಕೂಟವೇ ಕನ್ನಡಿಗರಿಗೆ ದುರ್ಲಭವಾಗಿತ್ತು. ಹಳ್ಳಿಗಳಲ್ಲಿ ಬಯಲಾಟವಿದ್ದಿತು, ಪಟ್ಟಣಗಳಲ್ಲಿ ಮಾತ್ರ ಮರಾಠಿ ಮಂಡಳಿಗಳದೇ ಮೇಲುಗೈ. ಇದಕ್ಕಾಗಿ ಮಹಾರಾಷ್ಟ್ರ ಬಂಧುಗಳನ್ನು ದೂರಲಾಗದು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದ್ದು, ಕನ್ನಡ ನಾಡಿನಿಂದ ಅಲ್ಲಿಗೆ ಹೋದ ಆಟದ ಮೇಳವೊಂದರ ಪ್ರೇರಣೆಯಿಂದ. ಬೀಜವು ನಮ್ಮದಾಗಿತ್ತು, ಬಿತ್ತಿ ಬೆಳೆದವರು ಅವರು.

ಗದಗಿನ ಸಕ್ಕರಿ ಬಾಳಾಚಾರ್ಯರು, ಎಂದರೆ ನಮ್ಮ ಶಾಂತಕವಿಗಳು, ಇದನ್ನು ಕಂಡು ಮರುಗಿದರು. ಆದರೆ ಮರುಗುತ್ತ ಕೂಡಲಿಲ್ಲ. 1870ರ ದಶಕದಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿಯೇ, ತಾವೇ ಕನ್ನಡ ನಾಟಕಗಳನ್ನು ಬರೆದು, ಮಂಡಳಿಯನ್ನು ಕಟ್ಟಿ ಆಡಿಸಿದರು. ಅವರು ಸಿರಿವಂತರಲ್ಲ, ಶಾಲೆಯ ಶಿಕ್ಷಕರು. ನಾಡು ಒಂದಾದದ್ದು 1956ರಲ್ಲಿ. ಕನ್ನಡಿಗರು ಒಂದೆಡೆ ಕುಳಿತು ತಮ್ಮ ನುಡಿಗೆ ತಾವೇ ನಕ್ಕು ಅತ್ತು ಒಂದಾಗಲು ಕಲಿತದ್ದು ಅದಕ್ಕೂ ಬಹು ಮೊದಲು, ಇಂಥ ನಾಟಕಗಳೆದುರಿಗೆ.

ಇಂದಿನ ಕಂಪನಿ ನಾಟಕಗಳಲ್ಲಿ ಹಗುರು ಮಾತು ಹೆಚ್ಚಿದೆ, ಮಕ್ಕಳನ್ನು ಕರೆದೊಯ್ಯುವುದೆಂತು ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ಸುಳ್ಳಲ್ಲ. ಆದರೆ ಸುಸಂಸ್ಕೃತ ಪ್ರೇಕ್ಷಕನು ಮನೆಯಲ್ಲಿ ಕುಳಿತರೆ ನಾಟಕವು ಯಾರ ರುಚಿಗೆ ಬಾಗಬೇಕು? ಆರಿಸಿ ನೋಡಲು ಆಸ್ಪದವಿದ್ದೇ ಇದೆ. ಧಾರವಾಡದಲ್ಲಿ ರಂಗಾಯಣವಿದೆ, ಹವ್ಯಾಸಿ ತಂಡಗಳಿವೆ, ಬಾದಾಮಿಯ ಬನಶಂಕರಿ ಜಾತ್ರೆಗೆ ಇಂದಿಗೂ ಕಂಪನಿಗಳು ಬಂದು ಬೀಡುಬಿಡುತ್ತವೆ.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಹತ್ತನೆಯ ತರಗತಿ ಮುಗಿಯುವ ಮುನ್ನ ನಿಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಒಳ್ಳೆಯ ಕನ್ನಡ ನಾಟಕವನ್ನಾದರೂ ನೋಡಿರಲಿ. ನೀವೇ ಮೊದಲು ನೋಡಿ ಆರಿಸಿರಿ. ಬಳಿಕ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂಡಿಸಿರಿ. ಪರೀಕ್ಷೆಗೆ ಒಂದು ಸಂಜೆಯಿಂದ ಕುಂದಾಗದು. ನಮ್ಮ ತರುಣನಂತೂ ಮುಂದಿನ ಪ್ರಯೋಗ ಎಂದೆಂದು ಕೇಳತೊಡಗಿದ್ದಾನೆ; ಈ ಸಲ ಇಬ್ಬರು ಗೆಳೆಯರನ್ನು ತಾನೇ ಕರೆತರುವನಂತೆ.