ಬಂಜರೆಂದವರು ಯಾರು?

ಸಂಘದ ಮಕ್ಕಳಿಗಾಗಿ ಪ್ರವಾಸ ಏರ್ಪಡಿಸುವ ಮಾತು ಬಂದಾಗಲೆಲ್ಲ ನಮ್ಮ ಹಿರಿಯರಿಂದ ಒಂದೇ ಉತ್ತರ ಬರುತ್ತದೆ: “ಸೊಲ್ಲಾಪುರದ ಸುತ್ತ ನೋಡಲು ಏನಿದೆ? ಪ್ರಾಣಿ ಪಕ್ಷಿಗಳನ್ನು ಕಾಣಬೇಕಾದರೆ ದಾಂಡೇಲಿಗೇ ಹೋಗಬೇಕು.” ಈ ಮಾತನ್ನು ನಾನು ಒಪ್ಪಲಾರೆ. ಮರವಿಲ್ಲದಲ್ಲಿ ಜೀವವಿಲ್ಲವೆಂದು ತಿಳಿಯುವುದು ನಮ್ಮ ಅಜ್ಞಾನವೇ ಹೊರತು ಈ ನೆಲದ ದೋಷವಲ್ಲ.

ಬಾರ್ಶಿಯ ದಾರಿಯಲ್ಲಿ ಸುಮಾರು 20 ಕಿಲೋಮೀಟರು ಹೋದರೆ ನಾನ್ನಜ. ಅಲ್ಲಿಯ ಹುಲ್ಲುಮಾಳದಲ್ಲಿ ಇಂದಿಗೂ ಚಿಗರಿಯ ಹಿಂಡುಗಳು ಮೇಯುತ್ತವೆ, ತೋಳ ಸುಳಿಯುತ್ತದೆ. ಸರಕಾರವು 1979ರಲ್ಲಿ ಈ ಸೀಮೆಯನ್ನು ಅಭಯಾರಣ್ಯವೆಂದು ಸಾರಿದ್ದು ಒಂದು ಹಕ್ಕಿಗಾಗಿ. ಮರಾಠಿಗರು ಅದನ್ನು ಮಾಳಢೋಕವೆನ್ನುತ್ತಾರೆ; ನಮ್ಮವರು ಎರೆಭೂತವೆಂದರು. ಎರೆನೆಲದ ಹೆಸರನ್ನೇ ಹೊತ್ತ ಹಕ್ಕಿಯದು! ಗಂಡು 15 ಕಿಲೋದವರೆಗೂ ತೂಗಬಲ್ಲದು. ಹೆಣ್ಣು ಗೂಡು ಕಟ್ಟದೆ ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುತ್ತದೆ. ಬಯಲನ್ನೇ ನಂಬಿ ಬದುಕಿದ ಈ ಜೀವಕ್ಕೆ ನಾವು ಮಾಡಿದ್ದೇನು? ಬಯಲಿಗೆ ‘ಬಂಜರು’ ಎಂದು ಹೆಸರಿಟ್ಟು, ಕೆಲವೆಡೆ ಉತ್ತೆವು. ಕೆಲವೆಡೆ ಪುಣ್ಯಕಾರ್ಯವೆಂದು ಗಿಡ ನೆಟ್ಟೆವು. ಮೇಲೆ ವಿದ್ಯುತ್ತಿನ ತಂತಿಗಳನ್ನು ಎಳೆದೆವು. ಎದುರಿನ ನೋಟ ಸಾಲದ ಈ ಭಾರದ ಹಕ್ಕಿ ತಂತಿಗೆ ಬಡಿದು ಸಾಯುತ್ತದೆ. ಇಂದು ಸ್ವತಂತ್ರವಾಗಿ ಬದುಕಿರುವ ಎರೆಭೂತಗಳು ಇಡೀ ದೇಶದಲ್ಲಿ 200ಕ್ಕಿಂತ ಕಡಿಮೆ, ಬಹುಪಾಲು ರಾಜಸ್ಥಾನದಲ್ಲಿವೆ. ನಾನ್ನಜದಲ್ಲಿ ಅದರ ದರ್ಶನವೇ ಅಪೂರ್ವವಾಗಿದೆ.

ಕನ್ನಡ ಶಾಲೆಗಳು ಸೊರಗುತ್ತಿವೆಯೆಂದು ನಾವು ವರ್ಷವರ್ಷವೂ ಠರಾವು ಮಾಡುತ್ತೇವೆ. ಮಾಡತಕ್ಕದ್ದೇ. ಆದರೆ ಮಗುವಿಗೆ ಪಂಚತಂತ್ರದ ಟಿಟ್ಟಿಭದ ಕಥೆ ಹೇಳುವ ನಾವು, ಹೊಲದ ಬದುವಿನಿಂದ ಕಿರುಚುತ್ತ ಮೇಲೇಳುವ ಹಕ್ಕಿಯೇ ಆ ಟಿಟ್ಟಿಭವೆಂದು ಎಂದಾದರೂ ಬೆರಳು ಮಾಡಿ ತೋರಿಸಿದ್ದೇವೆಯೇ? ಗೌಜಲು, ಬೆಳವ, ನೀಲಕಂಠ — ಈ ಶಬ್ದಗಳನ್ನು ಯಾವ ಠರಾವೂ ಉಳಿಸಲಾರದು. ಕಣ್ಣು ಕಾಣದ್ದನ್ನು ನಾಲಗೆ ಎಷ್ಟು ದಿನ ನೆನೆದೀತು?

ಹಣವಿಲ್ಲ, ಪುರುಸೊತ್ತಿಲ್ಲ ಎನ್ನುವವರಿಗೆ ನನ್ನ ಉತ್ತರವಿಷ್ಟೆ: ನಮ್ಮ ಹಿರಿಯರು ಇದಕ್ಕಾಗಿ ಒಂದು ದಿನವನ್ನೇ ಇಟ್ಟಿದ್ದಾರೆ. ಎಳ್ಳಮವಾಸ್ಯೆಯಂದು ಮನೆಮಂದಿಯೆಲ್ಲ ಸಜ್ಜೆಯ ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದಿಲ್ಲವೇ? ಆದರೆ ಈಗ ಉಂಡು, ಭಾವಚಿತ್ರ ತೆಗೆಸಿಕೊಂಡು, ಹೊತ್ತಿಳಿಯುವ ಮೊದಲೇ ಮರಳುತ್ತೇವೆ. ಊಟದ ಬಳಿಕ ಒಂದು ತಾಸು ಮಕ್ಕಳ ಕೈ ಹಿಡಿದು ಬದುವಿನ ಮೇಲೆ, ಮಡ್ಡಿಯ ಅಂಚಿನಲ್ಲಿ ನಡೆಯಿರಿ. ಶೀತದೇಶಗಳಿಂದ ಚಳಿಗಾಲ ಕಳೆಯಲು ಬಂದ ಗಿಡುಗಗಳು ಆ ದಿನಗಳಲ್ಲಿಯೇ ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತಿರುತ್ತವೆ. ಅಜ್ಜಿ ಹೆಸರು ಹೇಳಲಿ, ಮೊಮ್ಮಗು ಬರೆದುಕೊಳ್ಳಲಿ. ಖರ್ಚು ಒಂದು ಪೆನ್ಸಿಲು, ಒಂದು ವಹಿ.

ಆದರೆ ನೋಡುವ ಉತ್ಸಾಹವು ಇನ್ನೊಂದು ಉಪದ್ರವವಾಗಬಾರದು. ಮಳೆಗಾಲವು ಎರೆಭೂತ ಮೊಟ್ಟೆಯಿಡುವ ಕಾಲ. ಆಗ ಮಾಳವನ್ನು ತುಳಿಯಬೇಡಿ. ಅಭಯಾರಣ್ಯಕ್ಕೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಲಿಡಬೇಡಿ. ನಾಯಿಯನ್ನು ಮನೆಯಲ್ಲಿಯೇ ಬಿಡಿ. ಹಕ್ಕಿ ಹತ್ತಿರ ಬರಲೆಂದು ಕಾಯಿರಿ. ಅದರ ಬೆನ್ನು ಹತ್ತಬೇಡಿ. ಮುಂದಿನ ವನಮಹೋತ್ಸವದ ಸಸಿಗಳನ್ನು ಊರ ಬೀದಿಗಳಲ್ಲಿ ನೆಡಿ. ಹುಲ್ಲುಮಾಳವನ್ನು ಹುಲ್ಲಿಗೇ ಬಿಡಿ.

ಗಡಿಯ ಗೆರೆ ನಮ್ಮ ಊರುಗಳನ್ನು ಯಾವ ರಾಜ್ಯಕ್ಕಾದರೂ ಸೇರಿಸಲಿ, ಎರೆನೆಲಕ್ಕೆ ಆ ಗೆರೆ ತಿಳಿಯದು. ಈ ನೆಲ ನಮ್ಮದೆಂದು ವಾದಿಸುವ ನಾವು, ನೆಲದ ಮೇಲಿನ ಜೀವಗಳ ಹೆಸರನ್ನೂ ಅರಿಯದೆ ಹೋದರೆ ಆ ವಾದಕ್ಕೆ ಬೆಲೆಯೆಲ್ಲಿ? ಬಂಜರಾಗಿರುವುದು ಮಾಳವಲ್ಲ, ನಮ್ಮ ನೋಟ.