ಹೆಸರಿಲ್ಲದ ಗುಳಿಗೆ: ನೋವು ನಿವಾರಕಗಳ ಬಲವೆಷ್ಟು, ಅಪಾಯವೆಷ್ಟು?

ಹಲಗೇರಿ: ಕೇಂದ್ರ ಆರೋಗ್ಯ ಸಚಿವಾಲಯವು 2025ರ ಡಿಸೆಂಬರ್ 29ರಂದು ಅಧಿಸೂಚನೆ ಹೊರಡಿಸಿ, 100 ಮಿಲಿಗ್ರಾಂಗಿಂತ ಹೆಚ್ಚು ನಿಮೆಸುಲೈಡ್ ಇರುವ, ಸೇವಿಸಿದೊಡನೆ ಔಷಧಾಂಶ ಬಿಡುವ ಗುಳಿಗೆಗಳ ತಯಾರಿಕೆ ಮತ್ತು ಮಾರಾಟವನ್ನು ದೇಶದಾದ್ಯಂತ ನಿಷೇಧಿಸಿತು. ಹೆಚ್ಚಿನ ಪ್ರಮಾಣದಲ್ಲಿ ಈ ಔಷಧ ಮನುಷ್ಯರಿಗೆ ಅಪಾಯಕಾರಿ ಹಾಗೂ ಇದಕ್ಕಿಂತ ಸುರಕ್ಷಿತವಾದ ಪರ್ಯಾಯಗಳು ಲಭ್ಯವಿವೆ ಎಂಬುದು ಸರ್ಕಾರ ನೀಡಿದ ಕಾರಣ. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, 1940ರ 26ಎ ಕಲಮಿನಡಿ ಕೈಗೊಂಡ ಈ ಕ್ರಮ ಸ್ವಾಗತಾರ್ಹವೇ ಸರಿ. ಆದರೆ ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯಂಥ ಊರಿನಲ್ಲಿ ಸಂಜೆ ಹೊಲದಿಂದ ಮರಳುವ ಕೂಲಿಕಾರ ಮಹಿಳೆಯ ಮಟ್ಟಿಗೆ ಇದರಿಂದ ಬದಲಾದುದೇನು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಏಕೆಂದರೆ ಈ ಭಾಗದಲ್ಲಿ ನೋವಿನ ಗುಳಿಗೆಯನ್ನು ಯಾರೂ ಹೆಸರು ಹೇಳಿ ಕೇಳುವುದಿಲ್ಲ. "ಅಣ್ಣಾ, ಮೈಕೈ ನೋವಿನ ಗುಳಿಗಿ ಎರಡು ಕೊಡು" ಎಂದರೆ ಸಾಕು, ಪಟ್ಟಿಯಿಂದ ಕತ್ತರಿಸಿದ ಎರಡು ಗುಳಿಗೆಗಳು ಕಾಗದದ ಚೂರಿನಲ್ಲಿ ಕೈಸೇರುತ್ತವೆ. ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ದಿನವಿಡೀ ನಿಂತು ಹೂವಿಗೆ ಹೂವು ಮುಟ್ಟಿಸುವವರು, ಗೋವಿನಜೋಳ ಮುರಿಯುವವರು, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರು, ಗಂಟೆಗಟ್ಟಲೆ ಕುಳಿತು ತೊಟ್ಟು ಬಿಡಿಸುವ ಹೆಂಗಸರು, ಇವರೆಲ್ಲರಿಗೂ ನಾಳಿನ ಕೂಲಿ ತಪ್ಪದಿರಲು ಆ ಗುಳಿಗೆ ಬೇಕು. ಅದರಲ್ಲಿ ಇರುವುದು ಪ್ಯಾರಾಸಿಟಮಾಲೋ, ಡೈಕ್ಲೋಫೆನಾಕೋ, ನಿಮೆಸುಲೈಡೋ ಎಂಬುದು ಕೊಂಡವರಿಗೆ ತಿಳಿಯದು. ಎಷ್ಟು ದಿನ ತೆಗೆದುಕೊಳ್ಳಬೇಕೆಂಬುದನ್ನು ಹೇಳುವವರೂ ಇಲ್ಲ.

ನಿಷೇಧದ ಮಿತಿ

ನಿಮೆಸುಲೈಡ್‌ನ ಸಾಮಾನ್ಯ ಗುಳಿಗೆ ಇರುವುದೇ 100 ಮಿಲಿಗ್ರಾಂ ಪ್ರಮಾಣದಲ್ಲಿ. ಹೀಗಾಗಿ ಹೊಸ ಅಧಿಸೂಚನೆ ಅದನ್ನು ಮುಟ್ಟುವುದಿಲ್ಲ. ದಿನಕ್ಕೆ ಎರಡರ ಬದಲು ನಾಲ್ಕು ಗುಳಿಗೆ ನುಂಗುವವರನ್ನು ತಡೆಯುವ ಶಕ್ತಿಯೂ ಅದಕ್ಕಿಲ್ಲ. ಯಕೃತ್ತಿಗೆ ಹಾನಿಯಾದ ಪ್ರಕರಣಗಳ ಹಿನ್ನೆಲೆಯಲ್ಲಿ ಫಿನ್ಲೆಂಡ್ ಮತ್ತು ಸ್ಪೇನ್ 2002ರಲ್ಲಿಯೂ ಐರ್ಲೆಂಡ್ 2007ರಲ್ಲಿಯೂ ಈ ಔಷಧದ ಮಾರಾಟವನ್ನು ತಡೆದವು. ಅಮೆರಿಕದಲ್ಲಿ ಇದಕ್ಕೆ ಅನುಮತಿಯೇ ದೊರೆತಿಲ್ಲ. ಅನುಮತಿ ಮುಂದುವರಿದ ಐರೋಪ್ಯ ದೇಶಗಳಲ್ಲಿ ಸೇವನೆಯ ಅವಧಿಯನ್ನು ಗರಿಷ್ಠ 15 ದಿನಗಳಿಗೆ ಸೀಮಿತಗೊಳಿಸಲಾಯಿತು. ಭಾರತವು 2011ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಇದನ್ನು ನೀಡುವುದನ್ನು ನಿಷೇಧಿಸಿತು. ಅಲ್ಲಿಂದ ಮುಂದಿನ ಹೆಜ್ಜೆ ಇಡಲು ಹದಿನಾಲ್ಕು ವರ್ಷಗಳೇ ಬೇಕಾದವು.

ನೋವು ನಿವಾರಕಗಳ ವಿಷಯದಲ್ಲಿ ಈ ಬಗೆಯ ವಿಳಂಬ ಹಾಗೂ ಹಿಂದೆ ಮುಂದೆ ನೋಡುವಿಕೆ ಹೊಸದಲ್ಲ. ಅಪರೂಪವಾಗಿಯಾದರೂ ರಕ್ತದ ಬಿಳಿಕಣಗಳನ್ನು ಅಪಾಯಕರ ಮಟ್ಟಕ್ಕೆ ಇಳಿಸಬಲ್ಲ ಅನಾಲ್ಜಿನ್ 2013ರ ಜೂನ್‌ನಲ್ಲಿ ನಿಷೇಧಕ್ಕೊಳಗಾಗಿ, 2014ರ ಫೆಬ್ರುವರಿಯಲ್ಲಿ ಷರತ್ತುಗಳೊಂದಿಗೆ ಮರಳಿತು. 2018ರಲ್ಲಿ ನಿಷೇಧಿಸಲಾದ 328 ಸಂಯುಕ್ತ ಔಷಧಗಳ ಪೈಕಿ ಮನೆಮಾತಾಗಿದ್ದ ಸಾರಿಡಾನ್‌ಗೆ 2019ರಲ್ಲಿ ಸುಪ್ರೀಂ ಕೋರ್ಟಿನಿಂದ ವಿನಾಯಿತಿ ದೊರೆಯಿತು. 2024ರ ಆಗಸ್ಟ್‌ನಲ್ಲಿ ಇನ್ನೂ 156 ಸಂಯುಕ್ತಗಳನ್ನು ತಡೆಯಲಾಯಿತು. ಅಸಿಕ್ಲೋಫೆನಾಕ್ 50 ಮತ್ತು ಪ್ಯಾರಾಸಿಟಮಾಲ್ 125 ಮಿಲಿಗ್ರಾಂ ಸೇರಿದ ಗುಳಿಗೆ ಆ ಪಟ್ಟಿಯಲ್ಲಿತ್ತು. ಅವೇ ಎರಡು ಔಷಧಗಳ 100 ಮತ್ತು 325 ಮಿಲಿಗ್ರಾಂ ಜೋಡಿ ಮಾತ್ರ ಅಂಗಡಿಗಳಲ್ಲಿ ಮುಂದುವರಿಯಿತು. ಒಂದೊಂದೇ ಗುಳಿಗೆಯನ್ನು ಹೆಕ್ಕಿ ತೆಗೆಯುವ ಈ ವಿಧಾನದಿಂದ ಜನರಿಗೆ ತಲುಪುವ ತಿಳಿವಳಿಕೆ ಅತ್ಯಲ್ಪ. ನಿಷೇಧವಾಗದೆ ಉಳಿದುದೆಲ್ಲ ಸುರಕ್ಷಿತ ಎಂಬ ತಪ್ಪು ಭಾವನೆಗೂ ಇದು ಎಡೆಮಾಡಿಕೊಡುತ್ತದೆ.

ನೋವಿಗೆ ತಕ್ಕ ಮದ್ದು

ಯಾವ ಗುಳಿಗೆ ಎಷ್ಟು ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ವೈದ್ಯವಿಜ್ಞಾನದಲ್ಲಿ ಸಾಕಷ್ಟು ಪುರಾವೆಗಳಿವೆ. ಔಷಧ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯು, ಶಸ್ತ್ರಚಿಕಿತ್ಸೆಯ ನಂತರದ ನೋವಿನ ಮೇಲೆ ನಡೆದ ಅಧ್ಯಯನಗಳನ್ನು 2015ರಲ್ಲಿ ಒಂದೆಡೆ ಸಂಗ್ರಹಿಸಿತು. ಔಷಧಾಂಶವೇ ಇಲ್ಲದ ಹುಸಿ ಗುಳಿಗೆ ನುಂಗಿದವರಲ್ಲಿಯೂ ಕೆಲವರಿಗೆ ನೋವು ತಗ್ಗುವುದುಂಟು. ಅದನ್ನು ಕಳೆದು ನೋಡಿದಾಗ, 400 ಮಿಲಿಗ್ರಾಂ ಐಬುಪ್ರೊಫೇನ್‌ನಿಂದ ಸುಮಾರು ಐವರಲ್ಲಿ ಇಬ್ಬರಿಗೆ ನೋವು ಅರ್ಧಕ್ಕಿಂತ ಹೆಚ್ಚು ಶಮನವಾಗಿತ್ತು. 1,000 ಮಿಲಿಗ್ರಾಂ ಪ್ಯಾರಾಸಿಟಮಾಲ್‌ನಿಂದ ಈ ಪ್ರಯೋಜನ ಪಡೆದವರು ಏಳು ಮಂದಿಯಲ್ಲಿ ಇಬ್ಬರು. ಅಫೀಮು ಮೂಲದ ಕೊಡೀನ್ 60 ಮಿಲಿಗ್ರಾಂ ನೀಡಿದಾಗ ಹನ್ನೆರಡು ಮಂದಿಯಲ್ಲಿ ಒಬ್ಬರಿಗಷ್ಟೇ ಇಂಥ ಲಾಭವಾಯಿತು. ಐಬುಪ್ರೊಫೇನ್ 200 ಮತ್ತು ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಟ್ಟಿಗೆ ಕೊಟ್ಟಾಗ ಎಂಟು ಮಂದಿಯಲ್ಲಿ ಐವರಿಗೆ ಪ್ರಯೋಜನವಾಯಿತು. ಕಡಿಮೆ ಬೆಲೆಯ ಹಳೆಯ ಔಷಧಗಳು, "ಸ್ಟ್ರಾಂಗ್" ಎಂದು ಹೆಸರಾದವುಗಳಿಗಿಂತ ಚೆನ್ನಾಗಿ ಕೆಲಸ ಮಾಡಬಲ್ಲವು ಎಂಬುದು ಇಲ್ಲಿ ಗಮನಾರ್ಹ ಸಂಗತಿ.

ಆದರೆ ಹಲ್ಲು ಕಿತ್ತ ನೋವಿಗೆ ಒಪ್ಪಿದ ಮದ್ದು ಸೊಂಟನೋವಿಗೂ ಒಪ್ಪಬೇಕೆಂದೇನೂ ಇಲ್ಲ. ಸಿಡ್ನಿಯಲ್ಲಿ ಸೊಂಟನೋವಿನ ಸುಮಾರು 1,650 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ಯಾರಾಸಿಟಮಾಲ್ ಸೇವಿಸಿದವರು ಗುಣಮುಖರಾಗಲು ಸಾಮಾನ್ಯವಾಗಿ 17 ದಿನ ತೆಗೆದುಕೊಂಡರೆ, ಹುಸಿ ಗುಳಿಗೆ ನುಂಗಿದವರು ತೆಗೆದುಕೊಂಡದ್ದು 16 ದಿನ. 2023ರಲ್ಲಿ ಪ್ರಕಟವಾದ ಮತ್ತೊಂದು ಆಸ್ಟ್ರೇಲಿಯಾ ಪ್ರಯೋಗದಲ್ಲಿ, ಹೊಸದಾಗಿ ಕಾಣಿಸಿಕೊಂಡ ಸೊಂಟನೋವು ಮತ್ತು ಕುತ್ತಿಗೆನೋವಿಗೆ ಅಫೀಮು ಮೂಲದ ಆಕ್ಸಿಕೋಡೋನ್ ಕೂಡ ಹುಸಿ ಗುಳಿಗೆಗಿಂತ ಮೇಲೆನಿಸಲಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೇನ್ ವರ್ಗದ ಉರಿಯೂತ ಶಾಮಕಗಳಿಂದ ಬೆನ್ನುನೋವಿನಲ್ಲಿ ಗಣನೀಯ ಲಾಭ ಪಡೆಯುವವರು ಸುಮಾರು ಆರರಲ್ಲಿ ಒಬ್ಬರು ಮಾತ್ರ ಎಂದು 2017ರ ಸಮೀಕ್ಷೆಯೊಂದು ತಿಳಿಸಿತು. ಸೊಂಟನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಗುಳಿಗೆಗೆ ಸಲ್ಲುವ ಕೀರ್ತಿಯಲ್ಲಿ ದೊಡ್ಡ ಪಾಲು ನಿಜಕ್ಕೂ ಕಾಲಕ್ಕೆ ಸಲ್ಲಬೇಕಾದುದು.

ಕಾಲು ಉಳುಕಿದಾಗ ಮೇಲೆ ಹಚ್ಚುವ ಡೈಕ್ಲೋಫೆನಾಕ್ ಮುಲಾಮು ಉತ್ತಮ ಫಲ ನೀಡುತ್ತದೆ. ಮೊಣಕಾಲಿನ ಸಂಧಿ ಸವೆತದ ನೋವಿನಲ್ಲಿ ಈ ಮುಲಾಮು ಹಚ್ಚಿದ ನೂರರಲ್ಲಿ ಅರವತ್ತು ಮಂದಿಗೂ, ಔಷಧವಿಲ್ಲದ ಮುಲಾಮು ಹಚ್ಚಿದ ನೂರರಲ್ಲಿ ಐವತ್ತು ಮಂದಿಗೂ ಆರಾಮ ಕಂಡಿದೆ. ಲಾಭ ಸಾಧಾರಣವಾದರೂ, ನುಂಗುವ ಗುಳಿಗೆಗೆ ಹೋಲಿಸಿದರೆ ರಕ್ತಕ್ಕೆ ಸೇರುವ ಔಷಧ ಅತ್ಯಲ್ಪವಾದುದರಿಂದ ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ಅಪಾಯ ಕಡಿಮೆ.

ಅಪಾಯದ ನಾಲ್ಕು ತಾಣ

ಉರಿಯೂತ ಶಾಮಕಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ಉತ್ಪತ್ತಿಯನ್ನು ತಡೆಯುತ್ತವೆ. ನೋವು ಮತ್ತು ಬಾವು ತಗ್ಗುವುದು ಇದರಿಂದಲೇ. ಅದೇ ರಾಸಾಯನಿಕಗಳು ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುತ್ತವೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತವೆ. ಹೀಗಾಗಿ ನೋವನ್ನು ತಗ್ಗಿಸುವ ಕ್ರಿಯೆಯೇ ಹೊಟ್ಟೆಯ ಹುಣ್ಣು, ರಕ್ತಸ್ರಾವ ಹಾಗೂ ಮೂತ್ರಪಿಂಡದ ವೈಫಲ್ಯಕ್ಕೂ ದಾರಿಯಾಗಬಲ್ಲದು. ಏಪ್ರಿಲ್ ಬಿಸಿಲಿನಲ್ಲಿ ಬೆವರು ಹರಿಸಿ, ಸಾಕಷ್ಟು ನೀರು ಕುಡಿಯದೆ ದುಡಿದ ದೇಹದಲ್ಲಿ ಮೂತ್ರಪಿಂಡ ಮೊದಲೇ ಒತ್ತಡದಲ್ಲಿರುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆಯನ್ನೋ ಎನಲಾಪ್ರಿಲ್ ವರ್ಗದ ಗುಳಿಗೆಯನ್ನೋ ತೆಗೆದುಕೊಳ್ಳುತ್ತಿರುವವರಲ್ಲಿ ಅಪಾಯ ಇಮ್ಮಡಿಸುತ್ತದೆ. ಆದ್ದರಿಂದ ಹೊಲದ ಕೂಲಿಯವರ ಪಾಲಿಗೆ ಈ ಎಚ್ಚರಿಕೆ ಪುಸ್ತಕದ ಮಾತಷ್ಟೇ ಅಲ್ಲ.

ಮೂರನೆಯದು ಹೃದಯ. ಹೊಟ್ಟೆಗೆ ಸುರಕ್ಷಿತ ಎಂದು 1999ರಲ್ಲಿ ಮಾರುಕಟ್ಟೆಗೆ ಬಂದ ರೊಫೆಕಾಕ್ಸಿಬ್, ಹೃದಯಾಘಾತವನ್ನು ಹೆಚ್ಚಿಸುತ್ತದೆಂದು ದೃಢಪಟ್ಟು 2004ರ ಸೆಪ್ಟೆಂಬರ್ 30ರಂದು ಜಗತ್ತಿನಾದ್ಯಂತ ಹಿಂತೆಗೆಯಲ್ಪಟ್ಟಿತು. ಭಾರತದಲ್ಲಿಯೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ನಿಷೇಧಗೊಂಡಿತು. ನೂರಾರು ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2013ರ ಲ್ಯಾನ್ಸೆಟ್ ವಿಶ್ಲೇಷಣೆಯು ಹಳೆಯ ಡೈಕ್ಲೋಫೆನಾಕ್ ಕೂಡ ಇದೇ ಸಾಲಿಗೆ ಸೇರುತ್ತದೆಂದು ತೋರಿಸಿತು. ಸಾವಿರ ಮಂದಿ ಇಂಥ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಒಂದು ವರ್ಷ ಸೇವಿಸಿದರೆ, ಹೆಚ್ಚುವರಿಯಾಗಿ ಮೂವರಿಗೆ ಹೃದಯ ಅಥವಾ ರಕ್ತನಾಳದ ಗಂಭೀರ ಆಘಾತವಾಗುತ್ತದೆ, ಅವರಲ್ಲಿ ಒಬ್ಬರು ಸಾಯುತ್ತಾರೆ ಎಂಬುದು ಅದರ ಲೆಕ್ಕ. ಈ ಹಿನ್ನೆಲೆಯಲ್ಲಿ ಬ್ರಿಟನ್ 2015ರಲ್ಲಿ ಡೈಕ್ಲೋಫೆನಾಕ್ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿತು. ಎರಡು ಮೂರು ದಿನ ನುಂಗುವ ಆರೋಗ್ಯವಂತ ಯುವಕನಿಗೆ ಈ ಅಪಾಯ ತೀರಾ ಚಿಕ್ಕದು. ಹೃದ್ರೋಗ, ಮಧುಮೇಹ, ರಕ್ತದೊತ್ತಡ ಇರುವ ಹಿರಿಯರು ತಿಂಗಳುಗಟ್ಟಲೆ ನುಂಗಿದಾಗ ಅದು ಚಿಕ್ಕದಲ್ಲ.

ನಾಲ್ಕನೆಯದು ಯಕೃತ್ತು. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕಂಪನಿಯೊಂದರ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಗುಳಿಗೆ ದೇಶದಲ್ಲೆಲ್ಲ ಮನೆಮಾತಾಯಿತು. ಸರಿಯಾದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಬಹುಮಟ್ಟಿಗೆ ಸುರಕ್ಷಿತ ಔಷಧ. ಡೆಂಗಿ ಜ್ವರದ ಶಂಕೆಯಿದ್ದಾಗ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳಿಂದ ರಕ್ತಸ್ರಾವದ ಭಯವಿರುವುದರಿಂದ ಜ್ವರ, ನೋವಿಗೆ ಉಳಿಯುವುದು ಇದೊಂದೇ. ಆದರೆ ವಯಸ್ಕರು ದಿನಕ್ಕೆ 4,000 ಮಿಲಿಗ್ರಾಂ ಮೀರಬಾರದು. ಕೃಶಕಾಯದವರು, ಮದ್ಯವ್ಯಸನಿಗಳು ಇದಕ್ಕಿಂತ ಕಡಿಮೆಯಲ್ಲಿಯೇ ನಿಲ್ಲಬೇಕು. ನೆಗಡಿಯ ಗುಳಿಗೆ, ನೋವಿನ ಗುಳಿಗೆ, ಜ್ವರದ ಗುಳಿಗೆ ಎಂದು ಮೂರನ್ನು ಒಟ್ಟಿಗೆ ನುಂಗುವವರು ಪ್ಯಾರಾಸಿಟಮಾಲ್ ಅನ್ನೇ ಮೂರು ಸಲ ನುಂಗುತ್ತಿರಬಹುದು. ಹೆಸರು ಗೊತ್ತಿಲ್ಲದಿದ್ದರೆ ಇದು ತಿಳಿಯುವ ಬಗೆಯೇ ಇಲ್ಲ.

ರಣಹದ್ದಿನ ಪಾಠ

"ದನಕ್ಕೆ ಬೇಡವಾದ ಮದ್ದು ಮನುಷ್ಯರಿಗೇಕೆ?" ಎಂಬ ಪ್ರಶ್ನೆಯೂ ಕೇಳಿಬರುತ್ತದೆ. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು 2006ರಲ್ಲಿ, ಅಸಿಕ್ಲೋಫೆನಾಕ್ ಮತ್ತು ಕೀಟೊಪ್ರೊಫೇನ್ ಬಳಕೆಯನ್ನು 2023ರಲ್ಲಿ, ನಿಮೆಸುಲೈಡ್ ಬಳಕೆಯನ್ನು 2025ರಲ್ಲಿ ತಡೆಯಲಾಗಿದೆ ಎಂಬುದು ನಿಜ. ಆದರೆ ಕಾರಣ ಬೇರೆ. ಔಷಧ ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರಬೆಟ್ಟದಲ್ಲಿ 2012ರಲ್ಲಿ ರಣಹದ್ದು ಧಾಮ ಘೋಷಿಸಬೇಕಾದ ಸ್ಥಿತಿ ಬಂದದ್ದು ಈ ಹಕ್ಕಿಗಳ ಸಂತತಿ ಅಷ್ಟರಮಟ್ಟಿಗೆ ಕುಸಿದುದರಿಂದ. ಮನುಷ್ಯನ ದೇಹ ಈ ಔಷಧವನ್ನು ಹದ್ದಿಗಿಂತ ಬಹಳ ಚೆನ್ನಾಗಿ ಹೊರಹಾಕುತ್ತದೆ. ಆದ್ದರಿಂದ ಈ ನಿಷೇಧವನ್ನು ಮನುಷ್ಯರ ಪಾಲಿನ ವಿಷವೆಂಬುದಕ್ಕೆ ಸಾಕ್ಷಿಯಾಗಿ ಹಿಡಿಯುವುದು ಸರಿಯಲ್ಲ.

ಬೇಕಾದುದು ಹೆಸರು ಮತ್ತು ಅವಧಿ

ಡೈಕ್ಲೋಫೆನಾಕ್, ನಿಮೆಸುಲೈಡ್‌ಗಳು ಎಚ್ ಅನುಸೂಚಿಗೆ ಸೇರಿದ ಔಷಧಗಳು. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ. ಈ ನಿಯಮ ಬಹುತೇಕ ಕಾಗದದ ಮೇಲೆಯೇ ಉಳಿದಿದೆ. ಇದಕ್ಕೆ ಅಂಗಡಿಯವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ವೈದ್ಯರನ್ನು ಕಾಣಲು ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರುವುದೆಂದರೆ ಕೂಲಿಯವರಿಗೆ ಒಂದು ದಿನದ ಸಂಬಳದ ನಷ್ಟ. ನಿಯಮವನ್ನು ಒಮ್ಮೆಲೇ ಬಿಗಿಗೊಳಿಸಿದರೆ ನೋವಂತೂ ನಿಲ್ಲದು, ಗುಳಿಗೆಯ ವಹಿವಾಟು ಕಿರಾಣಿ ಅಂಗಡಿಗೆ ಸರಿಯಬಹುದು ಅಷ್ಟೆ.

ಆದ್ದರಿಂದ ಕೈಗೆಟುಕುವ ಕ್ರಮಗಳಿಂದಲೇ ಆರಂಭಿಸಬೇಕಾಗಿದೆ. ಕತ್ತರಿಸಿ ಕೊಟ್ಟ ಗುಳಿಗೆಯ ಪೊಟ್ಟಣದ ಮೇಲೆ ಔಷಧದ ಹೆಸರು, ಪ್ರಮಾಣ, ದಿನಕ್ಕೆಷ್ಟು, ಎಷ್ಟು ದಿನ ಎಂಬ ನಾಲ್ಕು ಸಂಗತಿಗಳನ್ನು ಕನ್ನಡದಲ್ಲಿ ಬರೆದುಕೊಡುವಂತೆ ಔಷಧ ನಿಯಂತ್ರಣ ಇಲಾಖೆ ಸೂಚಿಸಬಹುದು. ಇದಕ್ಕೆ ಅಂಗಡಿಯವರಿಗೆ ತಗಲುವ ಖರ್ಚು ಒಂದು ಪೆನ್ನಿನದು. ಬಿಲ್ಲು ಕೇಳುವ ಹಕ್ಕು ಗ್ರಾಹಕರಿಗೆ ಈಗಾಗಲೇ ಇದೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಡಿ ಮನೆಬಾಗಿಲಲ್ಲಿ ರಕ್ತದೊತ್ತಡ, ಮಧುಮೇಹ ಪರೀಕ್ಷಿಸುವ ಸಿಬ್ಬಂದಿ, "ನೋವಿನ ಗುಳಿಗೆ ಎಷ್ಟು ದಿನದಿಂದ ತಗೊಳ್ತೀರಿ?" ಎಂಬ ಒಂದು ಪ್ರಶ್ನೆಯನ್ನು ಸೇರಿಸಿಕೊಂಡರೆ, ಅಪಾಯದ ಅಂಚಿನಲ್ಲಿರುವವರು ಕೆಲವೇ ತಿಂಗಳಲ್ಲಿ ಗುರುತಿಗೆ ಸಿಗುತ್ತಾರೆ.

ಜನರೂ ಕೆಲವು ಮಾತುಗಳನ್ನು ನೆನಪಿಡಬೇಕು. ಕಪ್ಪು ಮಲ, ರಕ್ತವಾಂತಿ, ಮೂತ್ರ ತೀರಾ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಎದೆನೋವು ಕಂಡರೆ ಗುಳಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು ಉರಿಯೂತ ಶಾಮಕಗಳನ್ನು ವೈದ್ಯರ ಸಲಹೆಯಿಲ್ಲದೆ, ಅದರಲ್ಲಿಯೂ ಐದನೆಯ ತಿಂಗಳ ನಂತರ, ಮುಟ್ಟಬಾರದು. ಒಂದು ವಾರದಲ್ಲಿ ತಗ್ಗದ ನೋವಿಗೆ ಬೇಕಾದುದು ಮತ್ತೊಂದು ಪಟ್ಟಿ ಗುಳಿಗೆಯಲ್ಲ, ಕಾರಣದ ಪರೀಕ್ಷೆ.

ದುಡಿಯುವವರ ನೋವು ನಿಜವಾದುದು, ಅದಕ್ಕೆ ಉಪಶಮನ ಪಡೆಯುವುದು ಅವರ ಹಕ್ಕು. ದೆಹಲಿಯ ಅಧಿಸೂಚನೆಗಳು ಬರುತ್ತಿರಲಿ, ಅವುಗಳ ಅಗತ್ಯವೂ ಇದೆ. ಆದರೆ ಹಲಗೇರಿಯ ಅಂಗಡಿಯಲ್ಲಿ ಕೈಚಾಚಿದವರಿಗೆ ಕೊಡುವ ಗುಳಿಗೆ ಯಾವುದು ಎಂದು ಹೇಳಿ ಕೊಡುವ ದಿನ ಬಾರದ ಹೊರತು, ಆ ನಿಷೇಧಗಳ ಪೂರ್ಣ ಫಲ ಅವರಿಗೆ ದಕ್ಕಲಾರದು.